ವಿದೇಶಿ ಪಾಲುದಾರರ ಜೊತೆ ಸಿನಿಮಾ ಮಾಡೋದು ಹೇಗೆ? ನಮ್ಮೂರಿನ ಹೊಸ ನಿರ್ದೇಶಕರು ತಿಳಿದಿರಬೇಕಾದ ಸಂಗತಿಗಳು

ಪುತ್ತೂರು: ಬಾಲವನದ ಡಾ. ಶಿವರಾಮ ಕಾರಂತರು 1930ರ ಸುಮಾರಿಗೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ಮಾಡಿದ್ದರು. ಈಗ ಪುತ್ತೂರು, ಸುಳ್ಯ, ಕಡಬದಲ್ಲಿ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಪೂರ್ಣ ಪ್ರಮಾಣದ ಸಿನಿಮಾ ಅಂದ ಕೂಡಲೇ ಎದುರಾಗುವುದು ದುಡ್ಡಿನ ಪ್ರಶ್ನೆ. ಅದಕ್ಕೆ ಇರುವ ದಾರಿಗಳಲ್ಲಿ ಒಂದು ಅಂತಾರಾಷ್ಟ್ರೀಯ ಸಹ ನಿರ್ಮಾಣ.

ಏನಿದು ಸಹ ನಿರ್ಮಾಣ?

ಎರಡು ಅಥವಾ ಹೆಚ್ಚು ದೇಶಗಳ ನಿರ್ಮಾಣ ಸಂಸ್ಥೆಗಳು ಸೇರಿ ಒಂದು ಸಿನಿಮಾ ಮಾಡುವುದು. ಇದು ದಾನ ಅಲ್ಲ, ಪಾಲುದಾರಿಕೆ. ಹಣ ಹಾಕಿದವರಿಗೆ ಸಿನಿಮಾದ ಹಕ್ಕಿನಲ್ಲೂ ಪಾಲು ಇರುತ್ತದೆ. ಅವರ ದೇಶದ ಹಣವನ್ನು ಹೆಚ್ಚಾಗಿ ಅಲ್ಲೇ ಖರ್ಚು ಮಾಡಬೇಕಾಗುತ್ತದೆ. ಹಾಗಾಗಿ ಶೂಟಿಂಗ್ ನಮ್ಮೂರಲ್ಲಿ ಆದರೂ ಸೌಂಡ್ ಮಿಕ್ಸಿಂಗ್, ಕಲರ್ ಗ್ರೇಡಿಂಗ್ ಅಲ್ಲಿ ನಡೆಯುವುದುಂಟು.

ಭಾರತಕ್ಕೆ ಫ್ರಾನ್ಸ್, ಜರ್ಮನಿ, ಇಟಲಿ, ಬ್ರಿಟನ್, ಕೆನಡಾ ಮುಂತಾದ ದೇಶಗಳ ಜೊತೆ ಸರ್ಕಾರಿ ಮಟ್ಟದ ಒಪ್ಪಂದ ಇದೆ. ಹಲವು ಒಪ್ಪಂದಗಳಲ್ಲಿ ಪ್ರತಿ ದೇಶದ ಪಾಲು ಕನಿಷ್ಠ ಶೇ. 20 ಇರಬೇಕು. ಒಪ್ಪಂದ ಇಲ್ಲದಿದ್ದರೆ ಖಾಸಗಿ ಕರಾರು ಮಾಡಿಕೊಳ್ಳಬಹುದು. ಆದರೆ ಒಪ್ಪಂದದಡಿ ಸಿಗುವ ಸವಲತ್ತು ಆಗ ಸಿಗಲ್ಲ.

ಯಾರು ಮಾಡಿದ್ದಾರೆ?

ಮಂಡ್ಯ ಸೀಮೆಯ ಹಳ್ಳಿಯವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ‘ತಿಥಿ’ಗೆ ಪ್ರತಾಪ್ ರೆಡ್ಡಿ ಜೊತೆ ಅಮೆರಿಕದ ಸನ್‌ಮಿನ್ ಪಾರ್ಕ್ ನಿರ್ಮಾಪಕರಾಗಿದ್ದರು. 2015ರಲ್ಲಿ ಅದು ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಉತ್ತರ ಕನ್ನಡದ ನಟೇಶ್ ಹೆಗಡೆ ಅವರ ‘ವಾಘಾಚಿಪಾಣಿ’ ಭಾರತ ಮತ್ತು ಸಿಂಗಾಪುರದ ಸಹ ನಿರ್ಮಾಣ. 2025ರಲ್ಲಿ ಬರ್ಲಿನ್ ಉತ್ಸವದ ಫೋರಂ ವಿಭಾಗದಲ್ಲಿ ತೆರೆ ಕಂಡಿತು. ಹಿಂದಿಯ ‘ದಿ ಲಂಚ್‌ಬಾಕ್ಸ್’ (2013) ಭಾರತ, ಫ್ರಾನ್ಸ್, ಜರ್ಮನಿಯ ಪಾಲುದಾರಿಕೆಯಲ್ಲಿ ಆದದ್ದು. ಅಂದರೆ ಕನ್ನಡವೋ ತುಳುವೋ ಎಂಬುದು ಅಡ್ಡಿ ಅಲ್ಲ. ಅರ್ಜಿ, ಚಿತ್ರಕಥೆ ಮಾತ್ರ ಇಂಗ್ಲಿಷಿನಲ್ಲಿ ಇರಬೇಕು.

ಪಾಲುದಾರರು ಎಲ್ಲಿ ಸಿಗ್ತಾರೆ?

ನಮಗೆ ಹತ್ತಿರದ್ದು ಗೋವಾ. ಎನ್‌ಎಫ್‌ಡಿಸಿ 2007ರಿಂದ ಅಲ್ಲಿ ನಡೆಸುತ್ತಿರುವ ಫಿಲ್ಮ್ ಬಜಾರ್‌ಗೆ 2025ರಲ್ಲಿ ವೇವ್ಸ್ ಫಿಲ್ಮ್ ಬಜಾರ್ ಎಂದು ಹೆಸರಾಯಿತು. ನವೆಂಬರಿನಲ್ಲಿ ಚಿತ್ರೋತ್ಸವದ ಜೊತೆಗೇ ನಡೆಯುತ್ತದೆ. ಇಲ್ಲಿನ ಸಹ ನಿರ್ಮಾಣ ಮಾರುಕಟ್ಟೆಗೆ ಆಯ್ಕೆಯಾದ ನಿರ್ದೇಶಕರು ತಮ್ಮ ಯೋಜನೆಯನ್ನು ದೇಶ ವಿದೇಶದ ನಿರ್ಮಾಪಕರ ಮುಂದೆ ಇಡಬಹುದು. ದಕ್ಷಿಣ ಕೊರಿಯಾದ ಬೂಸಾನ್‌ನಲ್ಲೂ ಇಂಥ ಮಾರುಕಟ್ಟೆ ಇದೆ.

ಚಿತ್ರಕಥೆಯ ಹಂತದಲ್ಲೇ ನೆರವು ಕೊಡುವ ನಿಧಿಗಳೂ ಉಂಟು. ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ನಿಧಿ ಅಂಥದ್ದು. ಫ್ರಾನ್ಸ್‌ನ ನಿಧಿಗೆ ಅಲ್ಲಿನ ನಿರ್ಮಾಪಕರು ಬೇಕು.

ಮೊದಲು ಬೇಕಾದ್ದು ಕಾಗದಪತ್ರ

ಎಡವುವುದು ಇಲ್ಲೇ. ನಿರ್ದೇಶಕ ಒಬ್ಬನೇ ಹೋದರೆ ಮಾತು ಮುಂದೆ ಹೋಗಲ್ಲ. ಕರಾರಿಗೆ ಸಹಿ ಹಾಕಲು ಇಲ್ಲಿಯದ್ದೇ ಒಂದು ನಿರ್ಮಾಣ ಸಂಸ್ಥೆ, ಬಜೆಟ್ ಪಟ್ಟಿ, ಯಾವ ಹಣ ಎಲ್ಲಿಂದ ಬರುತ್ತದೆ ಅನ್ನುವ ಲೆಕ್ಕ ಬೇಕು. ರಾಜ್ಯ ಸರ್ಕಾರದ ಸಹಾಯಧನ ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲಿನ ಮಾತು. ಅದನ್ನು ನಂಬಿ ಶೂಟಿಂಗ್ ಶುರು ಮಾಡಲು ಆಗದು.

ಇನ್ನೊಂದು, ಕತೆಯ ಹಕ್ಕು. ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರಿನಲ್ಲಿ. ಕಾಯ್ದೆ ಪ್ರಕಾರ ಲೇಖಕರ ಮರಣದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅಂದರೆ ಅವರ ಕಾದಂಬರಿಗಳಿಗೆ 2057ರ ಕೊನೆಯವರೆಗೂ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕೇ ಬೇಕು. ‘ನಮ್ಮೂರಿನ ಕಾರಂತರಲ್ವಾ’ ಅಂದರೆ ವಿದೇಶಿ ವಕೀಲರು ಕೇಳಲ್ಲ. ಊರಿನವರು ಹೇಳಿದ ಅನುಭವವನ್ನು ಕತೆ ಮಾಡಿದ್ದರೂ ಅವರಿಂದ ಬರೆಸಿಕೊಳ್ಳುವುದು ಒಳ್ಳೆಯದು. ಸುಬ್ರಹ್ಮಣ್ಯ ಕಡೆಯ ಮೀಸಲು ಅರಣ್ಯದಲ್ಲಿ ಶೂಟಿಂಗ್ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ವಿದೇಶಿ ತಂತ್ರಜ್ಞರು ಬರುವುದಾದರೆ ಫಿಲ್ಮ್ ವೀಸಾ ಬೇಕು, ಟೂರಿಸ್ಟ್ ವೀಸಾ ಆಗಲ್ಲ.

ಮೋಸ ಹೋಗಬೇಡಿ

ಮಾರುಕಟ್ಟೆಗಳಿಗೆ ಶುಲ್ಕ ಇದ್ದರೆ ಅವರ ಅಧಿಕೃತ ವೆಬ್‌ಸೈಟಿನಲ್ಲೇ ಹಾಕಿರುತ್ತಾರೆ. ‘ಫಾರಿನ್ ಪ್ರೊಡ್ಯೂಸರ್ ಕೊಡಿಸ್ತೇವೆ, ಮೊದಲು ಪ್ರೊಸೆಸಿಂಗ್ ಫೀಸ್ ಹಾಕಿ’ ಅಂತ ವಾಟ್ಸಾಪ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಸಹ ನಿರ್ಮಾಪಕ ಹಣ ತರುವವನು, ಕೇಳುವವನಲ್ಲ. ಕರಾರಿಗೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ಕೊನೆಯ ಎಡಿಟಿಂಗ್ ಯಾರ ಮಾತಿನಂತೆ, ಯಾವ ದೇಶದ ಹಕ್ಕು ಯಾರಿಗೆ, ಒಟಿಟಿ ಹಣ ಹೇಗೆ ಹಂಚಿಕೆ ಅನ್ನುವ ಮೂರನ್ನು ಓದದೆ ಸಹಿ ಬೇಡ.

ಎಲ್ಲ ಸಿನಿಮಾಕ್ಕೂ ವಿದೇಶಿ ಪಾಲುದಾರರು ಬೇಕು ಅಂತಿಲ್ಲ. ಕುಮಾರಪರ್ವತದ ತಪ್ಪಲಿನ ಬದುಕಿನ ಕಾದಂಬರಿಯನ್ನು ಪಿ. ಶೇಷಾದ್ರಿ ‘ಬೆಟ್ಟದ ಜೀವ’ ಸಿನಿಮಾ ಮಾಡಿ ರಾಷ್ಟ್ರ ಪ್ರಶಸ್ತಿ ಪಡೆದರು. ತುಳುವಿನ ‘ಪಡ್ಡಾಯಿ’ಗೂ ರಾಷ್ಟ್ರ ಪ್ರಶಸ್ತಿ ಬಂತು. ಇಲ್ಲಿಯ ಹಣದಲ್ಲೇ ಮುಗಿಯುವ ಕತೆಗೆ ವರ್ಷಗಟ್ಟಲೆ ಹೊರಗೆ ಕಾಯುವುದರಲ್ಲಿ ಅರ್ಥ ಇಲ್ಲ. ಹೊರಗಿನವರು ಬೇಕೇ ಅಂತಾದರೆ, ಗೋವಾಕ್ಕೆ ಟಿಕೆಟ್ ಮಾಡುವ ಮೊದಲು ಹಕ್ಕುಪತ್ರ ಕೈಯಲ್ಲಿರಲಿ.