ಗಾಜಿನ ಎಳೆಯಲ್ಲಿ ಬೆಳಕು: ಕೆಂಪು ದೀಪ ಉರಿದಾಗ ಆಗಿರೋದೇನು?

ಮನೆಯ ಫೈಬರ್ ಇಂಟರ್ನೆಟ್ ಡಬ್ಬಿಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿಣುಕಿದರೆ ಅರ್ಥ ಇಷ್ಟೇ: ಗಾಜಿನ ಎಳೆಯಲ್ಲಿ ಬರಬೇಕಿದ್ದ ಬೆಳಕು ಬಂದಿಲ್ಲ. ನಮ್ಮ ಮನೆಯಲ್ಲಿ ಹೀಗಾದಾಗ ರಿಪೇರಿಗೆ ಬಂದವರು ಮೊಳೆಗೆ ಬಿಗಿಯಾಗಿ ಸುತ್ತಿದ್ದ ವೈರನ್ನು ಬಿಚ್ಚಿ, ಅಗಲವಾದ ಸುರುಳಿ ಮಾಡಿ ನೇತುಹಾಕಿದರು. ದೀಪ ಆರಿತು, ನೆಟ್ ಬಂತು. ಎಂಜಿನಿಯರಿಂಗ್‌ನಲ್ಲಿ ಹತ್ತು ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿದ್ದು ನನಗೆ ನಿಜವಾಗಿ ಅರ್ಥ ಆಗಿದ್ದು ಅವತ್ತೇ.

ಬೆಳಕು ಒಳಗೇ ಉಳಿಯೋದು ಹೇಗೆ?

ಫೈಬರ್ ಎಂದರೆ 125 ಮೈಕ್ರೋಮೀಟರ್ ದಪ್ಪದ, ಹೆಚ್ಚುಕಡಿಮೆ ಕೂದಲಿನಂಥ ಗಾಜಿನ ಎಳೆ. ನಡುವೆ ಸುಮಾರು 9 ಮೈಕ್ರೋಮೀಟರ್ ಅಗಲದ ತಿರುಳು, ಸುತ್ತ ಹೊದಿಕೆ. ಎರಡೂ ಗಾಜೇ. ಆದರೆ ತಿರುಳಿನ ವಕ್ರೀಭವನ ಸೂಚ್ಯಂಕ ಒಂಚೂರು ಹೆಚ್ಚು, ವ್ಯತ್ಯಾಸ ಶೇ. 1ಕ್ಕಿಂತಲೂ ಕಡಿಮೆ. ಅಷ್ಟು ಸಾಕು. ಗಡಿಗೆ ತೀರಾ ಓರೆಯಾಗಿ ಬಂದ ಬೆಳಕು ಹೊರಗೆ ದಾಟದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಇದೇ ಪೂರ್ಣ ಆಂತರಿಕ ಪ್ರತಿಫಲನ.

ಗೋಡೆಯಿಂದ ಗೋಡೆಗೆ ಪುಟಿಯುವ ಚೆಂಡಿನ ಈ ಚಿತ್ರ ಅರ್ಧ ಸತ್ಯ ಮಾತ್ರ. ತಿರುಳು ಇಷ್ಟು ಕಿರಿದಾದಾಗ ಬೆಳಕನ್ನು ಅಲೆ ಎಂದೇ ನೋಡಬೇಕು. ಆ ಅಲೆಯ ಒಂದು ಪಾಲು ಹೊದಿಕೆಯಲ್ಲೂ ಹಬ್ಬಿಕೊಂಡು ಸಾಗುತ್ತಿರುತ್ತದೆ. ಎಳೆಯನ್ನು ಬಿಗಿಯಾಗಿ ಬಾಗಿಸಿದರೆ, ಬಾಗಿನ ಹೊರಬದಿಯಲ್ಲಿರುವ ಪಾಲು ಉಳಿದದ್ದರ ಜೊತೆ ಹೆಜ್ಜೆ ಹಾಕಲಾಗದೆ ಸೋರಿಹೋಗುತ್ತದೆ. ಮೊಳೆ ಮಾಡಿದ್ದ ಅನಾಹುತ ಇದು.

ಗಾಜನ್ನು ಶುದ್ಧ ಮಾಡಿದ ಕಥೆ

ಕಿಟಕಿಯ ಗಾಜನ್ನು ಅಂಚಿನಿಂದ ನೋಡಿ, ಹಸಿರಾಗಿ ಕಾಣುತ್ತದೆ. ಅದು ಗಾಜಿನಲ್ಲಿ ಬೆರೆತ ಕಬ್ಬಿಣದ ಅಂಶ. ಬೆಳಕನ್ನು ನುಂಗುವುದು ಗಾಜಲ್ಲ, ಇಂಥ ಕಲ್ಮಶ ಎಂದು 1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ವಾದಿಸಿದರು. ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬಲ್‌ಗೆ ಇಳಿಸಿದರೆ ಸಾಕು ಎಂದರು. ಅಂದ್ರೆ 1 ಕಿ.ಮೀ. ದಾಟಿದ ಮೇಲೆ ಶೇ. 1ರಷ್ಟು ಬೆಳಕು ಉಳಿಯಬೇಕು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನು ಸಾಧಿಸಿತು. ಇವತ್ತಿನ ಫೈಬರ್‌ನಲ್ಲಿ ನಷ್ಟ ಸುಮಾರು 0.2 ಡೆಸಿಬಲ್, ಅದೇ ಶೇ. 1 ಉಳಿಯುವುದು 100 ಕಿ.ಮೀ. ದಾಟಿದ ಮೇಲೆ! ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಕೇಬಲ್ ಎಣಿಸಿದರೆ ಸಾಕೇ?

ಗಾಜು ಇಷ್ಟು ಚೆನ್ನಾಗಿರುವಾಗ ಬೆಳಕು ಸೋಲುವುದು ಹೆಚ್ಚಾಗಿ ಮನುಷ್ಯರ ಕೈ ತಾಗುವ ಕಡೆ. ಸರಿಯಾಗಿ ಬೆಸೆದ ಜೋಡಣೆಯಲ್ಲಿ ಹೋಗುವುದು 0.1 ಡೆಸಿಬಲ್‌ಗಿಂತ ಕಡಿಮೆ. ಧೂಳು ಕೂತ ಕನೆಕ್ಟರಿನಲ್ಲಿ 1 ಡೆಸಿಬಲ್ ಹೋದರೆ, ಅದು 5 ಕಿ.ಮೀ. ಫೈಬರ್ ನುಂಗುವಷ್ಟಕ್ಕೆ ಸಮ. ಜೆಸಿಬಿ ಹಲ್ಲು ತಾಗಿದರಂತೂ ಕಥೆ ಮುಗೀತು.

ಹಾಗಾಗಿ ಇದು ಮನೆಯ ಮೊಳೆಯ ವಿಷಯ ಮಾತ್ರ ಅಲ್ಲ. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ಎಷ್ಟು ಕಿ.ಮೀ. ಎಳೆದೆವು ಅನ್ನೋ ಲೆಕ್ಕಕ್ಕೆ ನಾವು ಬೇಗ ಮರುಳಾಗ್ತೀವಿ. ಆದರೆ ಎಳೆದ ದಿನದ ಲೆಕ್ಕ ಇವತ್ತಿನ ಸ್ಥಿತಿ ಹೇಳೋದಿಲ್ಲ. ಅದನ್ನು ಹೇಳಲು ‘ಒಟಿಡಿಆರ್’ ಎಂಬ ಉಪಕರಣ ಇದೆ. ಒಂದು ತುದಿಯಿಂದ ಬೆಳಕಿನ ಮಿಡಿತ ಬಿಟ್ಟು, ವಾಪಸ್ ಬರುವ ಚೂರು ಬೆಳಕಿನ ಸಮಯ ಅಳೆಯುತ್ತದೆ. ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಆದ್ದರಿಂದ 10 ಮೈಕ್ರೋಸೆಕೆಂಡ್ ತಡವಾಗಿ ಬಂದರೆ ದೋಷ 1 ಕಿ.ಮೀ. ದೂರದಲ್ಲಿದೆ ಎಂದರ್ಥ.

ದೋಷ ಎಲ್ಲಿದೆ ಅಂತ ತಿಳಿಯೋದು ಕಷ್ಟವಲ್ಲ. ಅಳೆದು, ಹೋಗಿ ಸರಿಮಾಡುವವರಿಗೆ ಸಂಬಳ ಕೊಡುವ ಮನಸ್ಸು ಬೇಕು. ಮುಂದಿನ ಗ್ರಾಮಸಭೆಯಲ್ಲಿ ‘ಕೇಬಲ್ ಬಂತಾ’ ಅಂತ ಕೇಳಿ ಸುಮ್ಮನಾಗಬೇಡಿ. ‘ಬೆಳಕು ಬರ್ತಿದೆಯಾ’ ಅಂತಲೂ ಕೇಳಿ.