ಆರೋಗ್ಯಧಾಮವೋ, ಮನೆಯೋ?

ಔಷಧ ಪ್ರಯೋಗವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಮುಂದೆ ಬರುವುದು ಪಂಜರದ ಇಲಿ. ಮನುಷ್ಯರು ಅದರಲ್ಲಿ ಪಾಲ್ಗೊಳ್ಳುವುದೆಂದರೇನು ಎಂದು ಅರಿಯಲು, ಪ್ರಿಯ ಓದುಗರೇ, ತಾವು 1956ರ ಮದರಾಸಿಗೆ ಬರಬೇಕು.

ಕ್ಷಯರೋಗಿಗೆ ಶುದ್ಧ ಗಾಳಿ, ಪುಷ್ಟಿಕರ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ ಅನಿವಾರ್ಯವೆಂಬ ನಂಬಿಕೆ ಆಗ ಬೇರೂರಿತ್ತು. ಮದನಪಲ್ಲಿಯ ಆರೋಗ್ಯವರದಂತಹ ಮಿಷನ್ ಆರೋಗ್ಯಧಾಮಗಳು ಇಂತಹ ಶುಶ್ರೂಷೆಗೆ ಹೆಸರಾಗಿದ್ದವು. ಆದರೆ ಲಕ್ಷಾಂತರ ರೋಗಿಗಳಿಗೆ ಹಾಸಿಗೆಗಳೆಲ್ಲಿ? ಹೊಸ ಮಾತ್ರೆಗಳನ್ನು ಮನೆಯಲ್ಲೇ ಸೇವಿಸಿದರೆ ಸಾಕೇ? ಯಾರಿಗೂ ನಿಶ್ಚಯವಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ಅಲ್ಲೊಂದು ಕೇಂದ್ರ ತೆರೆದವು. ಡಾ. ವಾಲೆಸ್ ಫಾಕ್ಸ್ ಅದರ ಸಂಶೋಧನೆಯ ನೇತೃತ್ವ ವಹಿಸಿದರು. ನಗರದ ಬಡ ರೋಗಿಗಳಲ್ಲಿ ಕೆಲವರು ಆರೋಗ್ಯಧಾಮಕ್ಕೆ, ಕೆಲವರು ಮನೆಗೆ. ಔಷಧಗಳು ಇಬ್ಬರಿಗೂ ಒಂದೇ: ಐಸೊನಿಯಾಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ. ಯಾರು ಎಲ್ಲಿಗೆ ಎಂಬುದನ್ನು ವೈದ್ಯರೂ ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ. ಚೀಟಿ ಎತ್ತಿದಂತೆ ನಿರ್ಧಾರವಾಯಿತು.

ಇದು ನಿರ್ದಯವೆಂದು ತಮಗನ್ನಿಸಬಹುದು. ಆದರೆ ಆಯ್ಕೆ ವೈದ್ಯರ ಕೈಯಲ್ಲಿದ್ದರೆ ಹೆಚ್ಚು ಬಳಲಿದವರು ಆರೋಗ್ಯಧಾಮಕ್ಕೂ ಗಟ್ಟಿಮುಟ್ಟಾದವರು ಮನೆಗೂ ಹೋಗುತ್ತಿದ್ದರು, ಹೋಲಿಕೆಯೇ ಸುಳ್ಳಾಗುತ್ತಿತ್ತು. ಯಾವುದು ಮೇಲೆಂದು ವೈದ್ಯಲೋಕಕ್ಕೆ ಪ್ರಾಮಾಣಿಕವಾಗಿ ತಿಳಿಯದಿರುವಾಗ ಮಾತ್ರ ಚೀಟಿಗೆ ನ್ಯಾಯವುಂಟು. ತಿಳಿದ ಮೇಲೂ ಚೀಟಿ ಎತ್ತಿದರೆ ಅದು ಪಾಪವೇ ಸರಿ.

ಮನೆಯ ರೋಗಿಗಳದು ಇಕ್ಕಟ್ಟಿನ ವಾಸ, ಕಡಿಮೆ ಊಟ, ಬಿಡದ ದುಡಿಮೆ. ಕೇಂದ್ರದವರು ಹೇಳದೆ ಬಂದು ಔಷಧ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸುತ್ತಿದ್ದರು. ಪಾಲ್ಗೊಳ್ಳುವುದೆಂದರೆ ಈ ಕಿರಿಕಿರಿಯೂ ಸೇರಿತ್ತು. 1959ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು: ವರ್ಷಾಂತ್ಯಕ್ಕೆ ರೋಗ ಶಮನಗೊಂಡವರು ಆರೋಗ್ಯಧಾಮದಲ್ಲಿ ಶೇಕಡ 92, ಮನೆಯಲ್ಲಿ 86. ಮನೆಮಂದಿಗೆ ಸೋಂಕು ಹೆಚ್ಚೀತೆಂಬ ಭಯವೂ ಐದು ವರ್ಷಗಳ ಅವಲೋಕನದಲ್ಲಿ ನಿರಾಧಾರವೆನಿಸಿತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮುಂದೆ ರೂಪಿಸಿದ ಜಿಲ್ಲಾ ಕ್ಷಯ ಕಾರ್ಯಕ್ರಮ ಮನೆಚಿಕಿತ್ಸೆಯನ್ನೇ ನೆಚ್ಚಿತು.

ಇತಿಹಾಸದ ಇನ್ನೊಂದು ಮುಖ ಕಹಿಯಾದದ್ದು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಬರಿಯ ವಿಶ್ರಾಂತಿ ಪಡೆದ 52 ಮಂದಿಗೆ ತಾವು ಪ್ರಯೋಗದಲ್ಲಿದ್ದೇವೆಂಬುದೇ ಗೊತ್ತಿರಲಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಪೀಡಿತ ಕಪ್ಪುಜನರಿಗೆ ಪೆನಿಸಿಲಿನ್ ಬಂದ ಬಳಿಕವೂ ಅದನ್ನು ಕೊಡದೆ ರೋಗದ ಗತಿಯನ್ನು ನೋಡುತ್ತ ಕುಳಿತರು.

ಇಂದು ಭಾರತದಲ್ಲಿ 2019ರ ನಿಯಮಗಳಿವೆ. ನೈತಿಕ ಸಮಿತಿಯ ಅನುಮತಿಯಿಲ್ಲದೆ ಪ್ರಯೋಗ ಆರಂಭವಾಗುವಂತಿಲ್ಲ. ಅಪಾಯ, ಪ್ರಯೋಜನ, ಬೇರೆ ಚಿಕಿತ್ಸೆಗಳ ವಿವರವನ್ನು ತಮಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಅದರಿಂದ ಎಂದಿನ ಚಿಕಿತ್ಸೆ ತಪ್ಪಕೂಡದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಗಳುಂಟು. ಸಹಿ ಹಾಕಿದ ಒಪ್ಪಿಗೆ ಪತ್ರದ ಒಂದು ಪ್ರತಿ ತಮ್ಮ ಕೈಗೇ ಬರಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.