ಕಂಬಳಿ ಚೀಪುವ ಮರಿ

ಪುಣೆ–ಬೆಂಗಳೂರು ಹೆದ್ದಾರಿ ಬಿಟ್ಟು ಮುಂಡಗೋಡಕ್ಕೆ ಹೊರಳುವವರಿಗೆ ತಡಸ ಒಂದು ಕ್ರಾಸ್. ತಡಸವಿರುವ ಶಿಗ್ಗಾಂವಿ ಸೀಮೆಯ ಊರುಗಳಲ್ಲಿ ಹಿಂದೆ ಜೋಳ ಹಗೇವಿನಲ್ಲೋ ಕಣಜದಲ್ಲೋ ಇರುತ್ತಿತ್ತು. ಇಲಿಗೆ ಬೆಕ್ಕೇ ಮದ್ದು. ಹಾಗಾಗಿ ಬೆಕ್ಕು ಈದ ಮನೆಗೆ ಬೇಡಿಕೆ. ಮರಿ ಒಯ್ಯುವವರು ಅದಕ್ಕೆ ಎಷ್ಟು ವಾರವಾಯಿತೆಂದು ಎಣಿಸುತ್ತಿದ್ದುದು ಕಡಿಮೆ.

ತಾಯಿಯಿಂದ ಬೇಗ ಅಗಲಿದ ಮರಿಗೆ ಸಿಗುತ್ತಿದ್ದುದು ಕುರುಬರು ನೇಯ್ದ ಕಂಬಳಿ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿ ಈ ಭಾಗದಲ್ಲಿ ಹೆಸರುವಾಸಿ. ಮರಿ ಅದರ ಅಂಚನ್ನು ಬಾಯಲ್ಲಿಟ್ಟು, ಕಣ್ಣು ಅರೆಮುಚ್ಚಿ, ಮುಂಗಾಲುಗಳಿಂದ ಒಂದಾದ ಮೇಲೊಂದು ಒತ್ತುತ್ತದೆ. ಗುರುಗುಟ್ಟುತ್ತ ಉಣ್ಣೆ ತೊಪ್ಪೆಯಾಗುವ ತನಕ ಚೀಪುತ್ತದೆ. ಹಾಲಿಳಿಯಲೆಂದು ತಾಯಿಯ ಕೆಚ್ಚಲು ಒತ್ತುವ ರೀತಿಯೇ ಇದು. ಹಸಿವಲ್ಲ, ಸಮಾಧಾನದ ಹುಡುಕಾಟ.

ಅಗಲಿಕೆಯೊಂದೇ ಕಾರಣವೆನ್ನುವಂತಿಲ್ಲ. ಸಯಾಮಿ, ಬರ್ಮೀಸ್ ತಳಿಗಳಲ್ಲಿ ಈ ಚಾಳಿ ಹೆಚ್ಚು. ರಕ್ತದ ಪಾಲೂ ಇದೆ. ಆದರೂ 2017ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು 5,700 ಬೆಕ್ಕುಗಳ ಮಾಹಿತಿ ಕಲೆಹಾಕಿ, ಮರಿಗಳನ್ನು 14 ವಾರದ ತನಕ ತಾಯಿಯ ಬಳಿ ಬಿಡುವುದು ಒಳ್ಳೆಯದೆಂದರು. ಇಲಿಕಾಟದ ಮನೆಯವರು ಅಷ್ಟು ಕಾಯುತ್ತಿದ್ದರೇ?

ಬೈದರೆ ಚಾಳಿ ಬಿಡದು, ಅಂಜಿಕೆ ಹೆಚ್ಚೀತು. ಬರೀ ಚೀಪಿದರೆ ತೊಂದರೆಯಿಲ್ಲ. ಉಣ್ಣೆ ಕಿತ್ತು ನುಂಗತೊಡಗಿದರೆ ಮಾತ್ರ ಕರುಳು ಕಟ್ಟುವ ಅಪಾಯ. ಆಗ ಕಂಬಳಿ ತೆಗೆದಿಟ್ಟು ಪಶುವೈದ್ಯರಿಗೆ ತೋರಿಸಬೇಕು.